ಪಾಪಮ್ಮನ ಮಂಡಿನೋವು ಮಾರಾಟವಾದದ್ದು

ಪಾಪಮ್ಮನ ಮಂಡಿನೋವು ಹದಿನೆಂಟು ಕಂಪನಿಗಳಿಗೆ ಗೊತ್ತಿತ್ತು. ಅವಳ ಗಂಡ ಕೆಂಚಪ್ಪನಿಗೆ ಗೊತ್ತಿರಲಿಲ್ಲ.

ಅವನು ಕೇಳಿರಲಿಲ್ಲ. ಅವಳು ಹೇಳಿರಲಿಲ್ಲ. ಹೇಳಲು ಪುರುಸೊತ್ತಾದರೂ ಎಲ್ಲಿತ್ತು? ತರೀಕೆರೆಯ ಬಜಾರು ಬೀದಿಯ ಕಸ ಹದಿನಾರು ವರ್ಷದಿಂದ ಅವಳ ಪಾಲಿಗೆ ಬಿದ್ದಿತ್ತು. ಬೆಳಿಗ್ಗೆ ಐದೂವರೆಗೆ ಹಾಜರಿ. ಆರಕ್ಕೆ ಪೊರಕೆ. ಏಳಕ್ಕೆ ತಳ್ಳುಗಾಡಿ. ಪ್ರತಿ ಅಂಗಡಿಯ ಮುಂದೆ ಬಗ್ಗಬೇಕು. ಚೀಲ ಎತ್ತಬೇಕು, ಬಿಚ್ಚಬೇಕು. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಬೇಕು. ನೀವೇ ಬೇರೆ ಮಾಡಿ ಕೊಡಿ ಎಂದು ಪುರಸಭೆಯವರು ಗೋಡೆಗೋಡೆಯ ಮೇಲೂ ಬರೆಸಿದ್ದರು. ಯಾರೂ ಓದಿರಲಿಲ್ಲ. ಅನ್ನದೊಳಗೆ ಬ್ಲೇಡು ಇರುತ್ತಿತ್ತು. ಡಯಾಪರಿನೊಳಗೆ ಬಳೆಚೂರು ಇರುತ್ತಿತ್ತು. ಕೈಗವಸು ಕೊಟ್ಟಿದ್ದರು, ಅದರ ಬೆರಳುಗಳ ತುದಿ ಹರಿದು ಎರಡು ತಿಂಗಳಾಗಿತ್ತು.

ಅಂಗಡಿಯವರು ಅವಳನ್ನು 'ಏಯ್' ಎನ್ನುತ್ತಿದ್ದರು. ಸ್ವಲ್ಪ ಒಳ್ಳೆಯವರು 'ಏಯ್ ಕಸ' ಎನ್ನುತ್ತಿದ್ದರು.

ಆಯುಧಪೂಜೆಗೆ ಮೂರು ವಾರವಿತ್ತು. ಪಾಪಮ್ಮ ಮಿಕ್ಸಿ ತೆಗೆದುಕೊಳ್ಳಲು ಹೋದಳು. ಬಜಾರು ಬೀದಿಯ ಸಮೃದ್ಧಿ ಹೋಮ್ ಅಪ್ಲಯನ್ಸಸ್ಸಿಗೆ ಅಷ್ಟು ವರ್ಷ ಅವಳು ಹಿಂದಿನ ಬಾಗಿಲಿಂದ ಹೋದವಳು. ಅಂದು ಮುಂದಿನ ಬಾಗಿಲಿಂದ ಹೋದಳು. ಗಾಜಿನ ಬಾಗಿಲು. ತಳ್ಳಬೇಕೋ ಎಳೆಯಬೇಕೋ ಗೊತ್ತಾಗದೆ ಎರಡೂ ಮಾಡಿದಳು. ಮಾಲೀಕ ರೇಣುಕಪ್ರಸಾದ್ ಅಂದು ಅಂಗಡಿಯಲ್ಲಿರಲಿಲ್ಲ. ಕೃತಿಕಾ ಎಂಬ ಸೇಲ್ಸ್ ಹುಡುಗಿ ಓಡಿಬಂದು ಬಾಗಿಲು ತೆಗೆದಳು.

"ಬನ್ನಿ ಮೇಡಂ, ಕೂತ್ಕೊಳಿ."

ಪಾಪಮ್ಮ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾವ ಮೇಡಮ್ಮೂ ಇರಲಿಲ್ಲ. ಸೋಫಾದ ಮೇಲೆ ಕೂತಳು. ಸೋಫಾ ಒಳಕ್ಕೆ ಹೋಯಿತು. ಅವಳೂ ಹೋದಳು. ಪುಟ್ಟ ಲೋಟದಲ್ಲಿ ಬಾದಾಮಿ ಹಾಲು ಬಂತು. ಮಿಕ್ಸಿ ಪ್ಯಾಕ್ ಆಗುವಷ್ಟರಲ್ಲಿ ಕೃತಿಕಾ ಒಂದು ಕೂಪನ್ ಹಿಡಿದು ಪಕ್ಕದಲ್ಲೇ ಕೂತಳು. ಲಕ್ಕಿ ಡ್ರಾ ಅಂತೆ. ಮೊದಲ ಬಹುಮಾನ ಸ್ಕೂಟರಂತೆ.

"ನಿಮ್ಮ ಹೆಸ್ರು ಮೇಡಂ?"

ಹೇಳಿದಳು. ವಯಸ್ಸು? ನಲವತ್ತೆಂಟು. ಫೋನ್ ನಂಬರು, ವಿಳಾಸ? ಹೇಳಿದಳು. ಸ್ವಂತ ಮನೆಯಾ? ಹ್ಞೂಂ, ಚಿಕ್ಕದು. ಆರೋಗ್ಯ ಹೇಗಿದೆ ಮೇಡಂ?

ಈ ಪ್ರಶ್ನೆಯನ್ನು ಬಜಾರು ಬೀದಿಯಲ್ಲಿ ಯಾರೂ ಪಾಪಮ್ಮನಿಗೆ ಕೇಳಿರಲಿಲ್ಲ. ಅವಳ ಬಾಯಿ ಬಿಚ್ಚಿಕೊಂಡಿತು. ಬಿಚ್ಚಿಕೊಂಡಿದ್ದು ಮತ್ತೆ ಮುಚ್ಚಲಿಲ್ಲ. "ಎಡಗಡೆ ಮಂಡಿ ಕಣವ್ವಾ. ಮೆಟ್ಲು ಹತ್ತುವಾಗ ಕಟಕ್ ಅಂತದೆ, ಇಳಿವಾಗ ಕುಟುಕ್ ಅಂತದೆ" ಎಂದಳು. ಮೇಲಿನ ಎರಡು ಹಲ್ಲು ಹೋಗಿವೆ, ಕಟ್ಟಿಸಬೇಕು ಎಂದಳು. ಹಲ್ಲಿ ಕಂಡರೆ ಜೀವ ಹೋಗುತ್ತದೆ ಎಂದಳು. ಕೃತಿಕಾ ಎಲ್ಲವನ್ನೂ ಬರೆದುಕೊಂಡಳು.

"ಮನೇಲಿ ಯಾರ್ಯಾರಿದೀರಾ ಮೇಡಂ?"

"ಅವ್ನೆ ಒಬ್ಬ ಗಂಡ. ಲೆಕ್ಕಕ್ಕಿಲ್ಲ."

ಅದನ್ನೂ ಬರೆದುಕೊಂಡಳು.

ಆ ದಿನ ಪಾಪಮ್ಮ ಮಿಕ್ಸಿಯನ್ನು ತಲೆಯ ಮೇಲೆ ಹೊತ್ತು ಮನೆಗೆ ನಡೆದಳು. ಮಂಡಿ ಕಟಕ್ ಎನ್ನಲೂ ಇಲ್ಲ, ಕುಟುಕ್ ಎನ್ನಲೂ ಇಲ್ಲ.

ಮೂರನೆಯ ದಿನ ಫೋನು ಶುರುವಾಯಿತು.

ಕಸದ ಗಾಡಿಯಲ್ಲಿ ಅವಳ ಎರಡೂ ಕೈ ಮೊಣಕೈವರೆಗೆ ಇಳಿದಿರುತ್ತಿದ್ದವು. ಸೊಂಟದ ಚೀಲದಲ್ಲಿ ಫೋನು ಕುಣಿಯುತ್ತಿತ್ತು. ಎತ್ತದೆ ಬಿಡುವಂತಿರಲಿಲ್ಲ. ಅವಳ ಮೇಸ್ತ್ರಿಗೆ ತನ್ನ ಫೋನಿನ ಕರೆನ್ಸಿ ಖರ್ಚು ಮಾಡುವುದೆಂದರೆ ಆಗದು. ಕೈಗೆ ಸಿಕ್ಕವರ ಫೋನಿನಿಂದ ಕರೆ ಮಾಡಿ ಎಲ್ಲಿದೀಯ ಎಂದು ಕೇಳುತ್ತಿದ್ದ. ಎತ್ತದಿದ್ದರೆ ಗೈರು ಬರೆಯುತ್ತಿದ್ದ. ಹಾಗಾಗಿ ಗೊತ್ತಿಲ್ಲದ ನಂಬರು ಕಂಡಾಗಲೆಲ್ಲ ಪಾಪಮ್ಮ ಕೈಗವಸು ಕಳಚುತ್ತಿದ್ದಳು, ಸೆರಗಿಗೆ ಕೈ ಒರೆಸುತ್ತಿದ್ದಳು, ಫೋನು ಎತ್ತುತ್ತಿದ್ದಳು.

"ನಮಸ್ಕಾರ ಮೇಡಂ! ದೇವನಹಳ್ಳಿ ಹತ್ತಿರ ನಿಮಗೋಸ್ಕರ ಒಂದು ವಿಲ್ಲಾ ಇದೆ. ಈಜುಕೊಳನೂ ಇದೆ."

"ಅಲ್ಲಿ ಕಸ ಯಾರ್ ಎತ್ತಾರೆ?"

ಆ ಕಡೆಯವನಿಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದ. ನಿಜವಾಗಿಯೂ ಮಾರನೇ ದಿನ ಮಾಡಿ, ಅದಕ್ಕೆ ಬೇರೆ ಏಜೆನ್ಸಿ ಇದೆ ಮೇಡಂ ಎಂದ.

ಹಲ್ಲು ಕಟ್ಟುವವರು ಮಾಡಿದರು. ಹಲ್ಲಿ ಓಡಿಸುವ ಯಂತ್ರದವರು ಮಾಡಿದರು. ಹಲ್ಲು, ಹಲ್ಲಿ ಎರಡರ ನಡುವೆ ಪಾಪಮ್ಮನಿಗೆ ಗೊಂದಲವಾಗಿ ಹಲ್ಲಿಯವನಿಗೆ ಬಾಯಿ ತೆರೆದು ತೋರಿಸುತ್ತೇನೆ ಬಾ ಎಂದಳು. ಒಬ್ಬಳು ಕಾರು ಕೊಳ್ಳಿ ಎಂದಳು. ಇನ್ನೊಬ್ಬ ಇಂಗ್ಲಿಷ್ ಕಲಿಯಿರಿ ಎಂದ. ಒಂದು ಬುಧವಾರ ಬೇಕರಿಯ ಮುಂದೆ ಕೊಳೆತ ಕ್ರೀಮು ಬಾಚುತ್ತಿದ್ದಾಗ ಎಣ್ಣೆ ಮಾರುವವನ ಫೋನು ಬಂತು.

"ಎಡಗಡೆ ಮಂಡಿ ಅಲ್ವಾ ಮೇಡಂ? ಮೆಟ್ಲು ಹತ್ತುವಾಗ ಕಟಕ್, ಇಳಿವಾಗ ಕುಟುಕ್?"

ಪಾಪಮ್ಮ ಬಾಚುವುದನ್ನು ನಿಲ್ಲಿಸಿದಳು. ಅದು ಅವಳ ಮಾತು. ಅವಳ ಬಾಯಿಂದ ಒಂದೇ ಸಲ ಹೊರಟ ಮಾತು. ಸೋಫಾದ ಮೇಲೆ, ಬಾದಾಮಿ ಹಾಲು ಕುಡಿಯುತ್ತಾ, ಕೃತಿಕಾಳಿಗೆ ಹೇಳಿದ ಮಾತು. ಅದನ್ನು ಯಾರೋ ಎತ್ತಿಕೊಂಡು ಹೋಗಿ ಈ ಎಣ್ಣೆಯವನಿಗೆ ಕೊಟ್ಟಿದ್ದಾರೆ. ಮೈಮೇಲಿನ ಸೆರಗನ್ನು ಬೀದಿಯಲ್ಲಿ ಯಾರೋ ಎಳೆದಂತಾಯಿತು.

"ನಿಂಗ್ಯಾರ್ ಹೇಳಿದ್ದು?" ಎಂದಳು.

"ಸಿಸ್ಟಮ್ಮಲ್ಲಿದೆ ಮೇಡಂ."

ಆ ಹೊತ್ತಿನಲ್ಲೇ ಮೇಸ್ತ್ರಿ ಎರಡು ಸಲ ಪ್ರಯತ್ನಿಸಿದ್ದ. ಎಂಗೇಜ್ ಬಂತು. ಗೈರು ಬರೆದ. ಕೊಳೆತ ಕ್ರೀಮು ಅವಳ ಕೈಯಲ್ಲಿತ್ತು. ಗಾಡಿ ಮುಕ್ಕಾಲು ತುಂಬಿತ್ತು. ಪುಸ್ತಕದಲ್ಲಿ ಅವಳು ಬಂದಿರಲಿಲ್ಲ. "ಇನ್ನೊಂದ್ ಸಲ ಹಿಂಗಾದ್ರೆ ಸಂತೆ ಮೈದಾನಕ್ಕೆ ಹಾಕ್ತೀನಿ ನೋಡು" ಎಂದ ಮೇಸ್ತ್ರಿ. ಸಂತೆಯ ಮಾರನೇ ದಿನ ಆ ಮೈದಾನದ ಕಸ ಎತ್ತಿದವರ ಸೊಂಟ ಮೂರು ದಿನ ನೆಟ್ಟಗಾಗುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಪಾಪಮ್ಮ ಬೈದುಕೊಂಡು ಸುಮ್ಮನಾಗುತ್ತಿದ್ದಳೇನೋ. ಭಾನುವಾರ ಮದುವೆ ಗಂಡು ಬಂದ.

ಮಧ್ಯಾಹ್ನ ಎರಡು ಗಂಟೆ. ಕೆಂಚಪ್ಪ ಹೊಸಿಲಿಗೆ ತಲೆಯಿಟ್ಟು ಮಲಗಿದ್ದ. ಬಿಳಿ ಪಂಚೆ, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ ಇದ್ದ ಅರವತ್ತು ದಾಟಿದ ಯಜಮಾನರೊಬ್ಬರು ಬಂದು ಅವನ ತಲೆಯ ಹತ್ತಿರ ನಿಂತರು. ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದು ಕೈಯಲ್ಲಿ ಎರಡು ಮೊಳ ಮಲ್ಲಿಗೆ.

"ಪಾಪಮ್ಮನೋರ ಮನೆ ಇದೇನಾ?"

"ಹ್ಞೂಂ."

"ನೀವು ಅವ್ರಣ್ಣನಾ?"

ಕೆಂಚಪ್ಪ ಎದ್ದು ಕೂತ. "ನಾನ್ ಅವ್ಳ ಗಂಡ ಕಣ್ರೀ!"

ಯಜಮಾನರು ಜೇಬಿನಿಂದ ಒಂದು ಕಾಗದ ತೆಗೆದು, ಕನ್ನಡಕ ಹಾಕಿಕೊಂಡು ಓದಿದರು. "ಪಾಪಮ್ಮ. ನಲವತ್ತೆಂಟು. ಸ್ವಂತ ಮನೆ. ಒಂಟಿ ಮಹಿಳೆ. ಇದ್ರಲ್ಲಿ ಗಂಡ ಇಲ್ವಲ್ರೀ!"

"ಇದ್ರಲ್ಲಿಲ್ದಿದ್ರೆ ಏನಾಯ್ತು? ಇಲ್ಲಿದೀನಲ್ಲ!"

ಗಲಾಟೆ ಕೇಳಿ ಪಾಪಮ್ಮ ಹೊರಗೆ ಬಂದಳು. ಬಂದವರ ಹೆಸರು ತೀರ್ಥಪ್ಪ. ಬುಕ್ಕಾಂಬುಧಿಯವರು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಸಾರು ಮಾಡಲು ಹೋದರೆ ಕಷಾಯವಾಗುತ್ತಿತ್ತು. ಫೋನಿನಲ್ಲಿ ಬಂದ ಯಾವುದೋ ವಿವಾಹ ಬಳಗಕ್ಕೆ ದುಡ್ಡು ಕಟ್ಟಿ ಮೂರು ಹೆಸರು ಕೊಂಡಿದ್ದರು. ಮೊದಲನೆಯವರು ಕಡೂರಿನವರು, ತೀರಿಹೋಗಿ ಎರಡು ವರ್ಷವಾಗಿತ್ತು. ಎರಡನೆಯದು ಅಜ್ಜಂಪುರದ ಒಂದು ಹಿಟ್ಟಿನ ಗಿರಣಿ. ಮೂರನೆಯವಳು ಪಾಪಮ್ಮ.

ತೀರ್ಥಪ್ಪ ಕನ್ನಡಕ ಏರಿಸಿ ಸುತ್ತ ನೋಡಿದರು. ಬೀದಿಯ ಬೋರ್ಡು ನೋಡಿದರು. ಒಳಗೆ ಗೋಡೆಯ ಮೇಲಿನ ಅಂಬೇಡ್ಕರ್ ಪಟ ನೋಡಿದರು. ಕೈಯಲ್ಲಿದ್ದ ಕಾಗದ ಇನ್ನೊಮ್ಮೆ ನೋಡಿದರು. ಕಂಪನಿಯ ಪಟ್ಟಿಯಲ್ಲಿ ಜಾತಿಯ ಕಾಲಂ ಇರಲಿಲ್ಲ. ಕಂಪನಿಗೆ ಊರಿನವರು, ಕೇರಿಯವರು ಎಲ್ಲರೂ ಹತ್ತಂಕಿಯ ನಂಬರುಗಳು.

"ಕಾಪಿ ಕುಡೀತೀರಾ?" ಎಂದಳು ಪಾಪಮ್ಮ.

ಕೇಳಿದ ಮೇಲೆ ಸುಮ್ಮನೆ ನಿಂತು ನೋಡಿದಳು. ಈ ಗಳಿಗೆ ಅವಳಿಗೆ ಚೆನ್ನಾಗಿ ಗೊತ್ತು. ಈಗ ಬಂದವರು ಹೊಟ್ಟೆ ಸರಿಯಿಲ್ಲ ಎನ್ನುತ್ತಾರೆ. ಈಗಷ್ಟೇ ಕುಡಿದೆ ಎನ್ನುತ್ತಾರೆ. ತೀರ್ಥಪ್ಪ ಬಾಯಿ ತೆರೆದರು. ಮುಚ್ಚಿದರು. ಬುಕ್ಕಾಂಬುಧಿಯಿಂದ ಅಜ್ಜಂಪುರ, ಅಜ್ಜಂಪುರದಿಂದ ತರೀಕೆರೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೊಟ್ಟೆ ತಾನೇ ತೀರ್ಮಾನ ಮಾಡಿತು.

"ಸಕ್ಕರೆ ಸ್ವಲ್ಪ ಮುಂದಾಗ್ಲಿ" ಎಂದರು.

ಕುಡಿದರು. ಎರಡನೇ ಲೋಟ ಕೇಳಿದರು. ಕೆಂಚಪ್ಪ ಬಾಳೆಹಣ್ಣು ಸುಲಿಯತೊಡಗಿದ. ತನ್ನ ಹೆಂಡತಿಯನ್ನು ನೋಡಲು ಬಂದವನು ತಂದ ಹಣ್ಣನ್ನು ತಿನ್ನಬಹುದೋ ಬೇಡವೋ ಎಂದು ನಾಲ್ಕನೆಯ ಹಣ್ಣಿನ ಹೊತ್ತಿಗೆ ಅವನಿಗೆ ಅನುಮಾನ ಬಂತು. ಆಮೇಲೂ ತಿಂದ.

ಪಾಪಮ್ಮ ಕಾಗದ ಕಸಿದುಕೊಂಡು ನೋಡಿದಳು. ಏಳನೇ ಕ್ಲಾಸಿನ ಕನ್ನಡ ಅಷ್ಟು ಓದಲು ಸಾಕಿತ್ತು. ಹೆಸರು ಅವಳದು. ವಯಸ್ಸು ಅವಳದು. 'ಲೆಕ್ಕಕ್ಕಿಲ್ಲ' ಎಂದಿದ್ದು 'ಒಂಟಿ' ಆಗಿತ್ತು. ಕೆಳಗೆ 'ಹಲ್ಲಿ ಭಯ' ಎಂದೂ ಇತ್ತು.

"ಆ ಮಿಕ್ಸಿ ಅಂಗ್ಡಿಯೋನು ನನ್ನ ಮಾರವ್ನೆ" ಎಂದಳು.

"ನನ್ನೂ ಮಾರವ್ರೆ ಕಣಮ್ಮಾ" ಎಂದರು ತೀರ್ಥಪ್ಪ. "ಹೆಂಡ್ತಿ ಸತ್ತ ವಿಚಾರ ನಾನು ಹೇಳಿದ್ದು ಒಂದು ಫ್ರಿಜ್ಜಿನ ಅಂಗ್ಡೀಲಿ. ದೊಡ್ಡದು ಬೇಡ, ಒಬ್ನೇ ಇದೀನಿ ಅಂದಿದ್ದೆ. ವಾರದೊಳಗೆ ಈ ವಿವಾಹ ಬಳಗದೋರ ಫೋನು ಬಂತು. ಹೆಂಗಪ್ಪಾ ಗೊತ್ತಾಯ್ತು ಅಂದ್ಕೊಂಡಿದ್ದೆ." ಅವರ ಕಿವಿ ಕೆಂಪಾಯಿತು. "ನಂಬಿ ಹೇಳಿದ್ದನ್ನ ಇನ್ನೊಬ್ರಿಗೆ ಕೊಡಂಗಿಲ್ಲ. ಗ್ರಾಹಕರ ಕಾಯ್ದೇಲೇ ಐತೆ. ಚಿಕ್ಕಮಗಳೂರಲ್ಲಿ ಆಯೋಗ ಐತೆ. ಪಂಪ್‌ಸೆಟ್ ಮೋಟ್ರಿಗೆ ನಾನೇ ಹೋಗಿ ವಾದ ಮಾಡಿ ಗೆದ್ದೀನಿ. ವಕೀಲ್ರೂ ಬೇಡ."

"ಚಿಕ್ಕಮಗಳೂರು ಆಮ್ಯಾಕೆ" ಎಂದಳು ಪಾಪಮ್ಮ. "ಮೊದ್ಲು ಬಜಾರು."

ಒಳ್ಳೆಯ ಸೀರೆ ಉಟ್ಟಳು. ಮೂವರೂ ಹೊರಟರು. ಮುಂದೆ ಪಾಪಮ್ಮ. ಹಿಂದೆ ಮಲ್ಲಿಗೆ ಹಿಡಿದ ತೀರ್ಥಪ್ಪ. ಅದನ್ನು ಎಲ್ಲಿಡಬೇಕೋ ಅವರಿಗೆ ತಿಳಿದಿರಲಿಲ್ಲ. ಅವರ ಹಿಂದೆ ಉಳಿದ ಬಾಳೆಹಣ್ಣಿನೊಂದಿಗೆ ಕೆಂಚಪ್ಪ.

ಅಂಗಡಿಯಲ್ಲಿ ಹಬ್ಬದ ಜನ. ಬೇಕರಿಯವನು ಟಿವಿ ನೋಡುತ್ತಿದ್ದ. ದೇವಸ್ಥಾನ ಸಮಿತಿಯ ಅಧ್ಯಕ್ಷರು ವಾಷಿಂಗ್ ಮಷೀನಿನೊಳಗೆ ತಲೆ ಹಾಕಿದ್ದರು. ಔಷಧಿ ಅಂಗಡಿಯವನ ಹೆಂಡತಿ ಗ್ರೈಂಡರಿನ ಮುಂದೆ ನಿಂತಿದ್ದಳು. ಗಲ್ಲಾದಲ್ಲಿ ರೇಣುಕಪ್ರಸಾದ್ ಕೂತಿದ್ದ. ಪಾಪಮ್ಮನ ಒಳ್ಳೆಯ ಸೀರೆ ಅವನ ಕಣ್ಣಿಗೆ ಬೀಳಲಿಲ್ಲ.

"ಏಯ್, ಕಸ ಹಿಂದ್ಗಡೆ ಇದೆ. ಹಿಂದಿಂದ ಬಾ."

"ಕಸಕ್ಕೆ ಬಂದಿಲ್ಲ ಸಾವ್ಕಾರ್ರೇ. ಮಿಕ್ಸಿ ತಗೊಂಡೋಳು ಬಂದೀನಿ."

"ಕೆಟ್ಟೋಗಿದ್ರೆ ಸರ್ವೀಸ್ ಸೆಂಟರಿಗೆ ಹೋಗು."

"ಮಿಕ್ಸಿ ಚೆಂದಾಗೈತೆ. ನನ್ ಹೆಸ್ರು ವಾಪಸ್ ಕೊಡಿ."

ರೇಣುಕಪ್ರಸಾದ್ ನಕ್ಕ. ಗಿರಾಕಿಗಳ ಕಡೆ ತಿರುಗಿ ಇನ್ನೊಮ್ಮೆ ನಕ್ಕ. "ಹೆಸ್ರೇನು ಮಿಕ್ಸಿ ಜಾರಾ, ಬಿಚ್ಚಿ ವಾಪಸ್ ಕೊಡಕ್ಕೆ?"

"ನನ್ ಹೆಸ್ರು, ನನ್ ನಂಬ್ರು, ನನ್ ಮಂಡಿ. ಮೂರೂ ಮಾರೀರಿ."

"ಅಯ್ಯೋ ಹೋಗೇ! ನಿನ್ನಂಥೋಳ ಹೆಸ್ರನ್ನ ದುಡ್ಡು ಕೊಟ್ಟು ಯಾರ್ ಕೊಂಡ್ಕೋತಾರೆ?"

ಪಾಪಮ್ಮ ಪಕ್ಕಕ್ಕೆ ಸರಿದಳು. ಹಿಂದೆ ನಿಂತಿದ್ದ ತೀರ್ಥಪ್ಪ ಮಲ್ಲಿಗೆ ಹಿಡಿದ ಕೈಯನ್ನೇ ಮೇಲೆತ್ತಿದರು.

"ನಾನ್ ಕೊಂಡ್ಕೊಂಡಿದೀನಿ. ರಶೀದಿ ಐತೆ."

ರೇಣುಕಪ್ರಸಾದ್ ತೀರ್ಥಪ್ಪನವರ ವಿಭೂತಿ ನೋಡಿದ. ದನಿ ಇಳಿಸಿದ. "ಏನ್ ಯಜಮಾನ್ರೇ, ನಮ್ಮೋರಾಗಿ ನೀವು ಇವ್ರ ಜೊತೆ ಸೇರ್ಕೊಂಡು..."

"ನಮ್ಮೋರಾಗಿ ನೀನು ನನಗೆ ಗಂಡ ಇರೋಳ್ನ ಮಾರಿದೀಯಲ್ಲೋ!"

"ಇನ್ನೂ ಇದೀನಿ" ಎಂದ ಕೆಂಚಪ್ಪ, ಹಿಂದಿನಿಂದ.

ಟಿವಿಗಳ ನಡುವೆ ನಿಂತಿದ್ದ ಕೃತಿಕಾ ತುಟಿ ಕಚ್ಚಿಕೊಂಡಳು. ರೇಣುಕಪ್ರಸಾದ್ ಈಗ ಜೋರು ಮಾಡಿದ. ಲೋಕವೇ ಹಾಗೆ ನಡೆಯುತ್ತದೆ ಎಂದ. ಕೂಪನ್ನಿನ ಹಿಂದೆ ಸಣ್ಣ ಅಕ್ಷರದಲ್ಲಿ ಎಲ್ಲ ಬರೆದಿದೆ, ಓದಿಕೊಳ್ಳಬೇಕಿತ್ತು ಎಂದ. "ಅಷ್ಟಕ್ಕೂ ನಾಕ್ ಜನಕ್ಕೆ ಗೊತ್ತಾದ್ರೆ ಏನ್ ಹೋಯ್ತು ನಿಂದು? ನೆಟ್ಟಗೆ ಬಾಳೋರಿಗೆ ಮುಚ್ಚಿಡೋ ಅಂಥದ್ದು ಏನಿರುತ್ತೆ?"

ಪಾಪಮ್ಮ ಅವನನ್ನೇ ನೋಡಿದಳು.

"ಮುಚ್ಚಿಡೋದು ಏನೂ ಇರಲ್ವಾ ಸಾವ್ಕಾರ್ರೇ?"

"ಏನೂ ಇರಲ್ಲ."

"ನಿಮ್ಗೂ?"

"ನಂಗೂ ಇಲ್ಲ."

ಪಾಪಮ್ಮ ಹೋಗಿ ಸೋಫಾದ ಮೇಲೆ ಕೂತಳು. ಈ ಸಲ ತುದಿಯಲ್ಲಿ ಕೂತಳು, ಸೋಫಾಕ್ಕೆ ಅವಳನ್ನು ನುಂಗಲಾಗಲಿಲ್ಲ.

"ಹಂಗಾದ್ರೆ ನಾನೂ ಒಂದು ಅಂಗ್ಡಿ ಇಡ್ತೀನಿ" ಎಂದಳು. "ಈ ಬೀದಿ ಕಸ ಹದ್ನಾರ್ ವರ್ಷದಿಂದ ಎತ್ತಿರೋಳು ನಾನು. ಒಂದೊಂದು ಚೀಲಾನೂ ಬಿಚ್ಚೀನಿ. ನೀವೇ ಬೇರೆ ಮಾಡ್ಕೊಟ್ಟಿದ್ರೆ ನೋಡ್ತಾ ಇರ್ಲಿಲ್ಲ. ಕೊಡ್ಲಿಲ್ಲ. ನೋಡೀನಿ. ಯಾರ್ ಏನ್ ತಿಂತಾರೆ, ಏನ್ ಕುಡೀತಾರೆ, ಯಾವ್ ಮಾತ್ರೆ ನುಂಗ್ತಾರೆ, ಯಾವ್ ಕಾಗ್ದ ಹರ್ದಾಕ್ತಾರೆ, ಎಲ್ಲಾ ಗೊತ್ತು. ನಂಗೆ ಸಿಸ್ಟಮ್ ಬ್ಯಾಡ. ಇಲ್ಲೇ ಐತೆ." ತಲೆ ತಟ್ಟಿಕೊಂಡಳು. "ಎಲ್ಲಿಂದ ಶುರು ಮಾಡ್ಲಿ?"

ಕೆಂಚಪ್ಪನಿಗೆ ಹುರುಪು ಬಂದುಬಿಟ್ಟಿತು. ಸ್ಟೂಲಿನ ಮೇಲೆ ಹತ್ತಿದ. "ಬನ್ನಿ ಬನ್ನಿ! ಮೊದಲ್ನೇ ಚೀಲ! ಬೇಕರಿದು! ಯಾರಿಗ್ ಬೇಕು?"

ಬೇಕರಿಯವನ ಕೈಯಿಂದ ರಿಮೋಟು ಬಿತ್ತು. "ಏ ಕೆಂಚಪ್ಪಾ, ಇಳಿಯಪ್ಪಾ ಕೆಳಗೆ!" ಎಂದವನೇ ಗಲ್ಲಾದ ಕಡೆ ತಿರುಗಿದ. "ಏನಯ್ಯಾ ರೇಣುಕಾ, ನಿಂಗೆ ಮಾನ ಮರ್ಯಾದೆ ಇಲ್ವೇನಯ್ಯಾ? ಬಡವಿ ಹೆಸ್ರು ಯಾಕಯ್ಯಾ ಬೇಕು ನಿಂಗೆ? ಕೊಟ್ಬಿಡು!"

"ತಕ್ಷಣ ಕೊಟ್ಬಿಡು" ಎಂದಳು ಔಷಧಿ ಅಂಗಡಿಯವನ ಹೆಂಡತಿ. ಅವಳ ಮುಖ ಬೆವತಿತ್ತು.

ಅಧ್ಯಕ್ಷರು ವಾಷಿಂಗ್ ಮಷೀನಿನಿಂದ ತಲೆ ತೆಗೆಯಲೇ ಇಲ್ಲ. ಒಳಗಿನಿಂದಲೇ ಅವರ ದನಿ ಗುಂಯ್‌ಗುಟ್ಟಿತು: "ಇದು ಅನ್ಯಾಯ! ಹೆಣ್ಣುಮಗಳಿಗೆ ಅನ್ಯಾಯ ಆಗ್ಬಾರ್ದು!"

ಹದಿನಾರು ವರ್ಷದಲ್ಲಿ ಬಜಾರು ಬೀದಿ ಪಾಪಮ್ಮನ ಪರ ನಿಂತಿದ್ದು ಅದೇ ಮೊದಲು. ಬ್ಲೇಡು ಕೊಯ್ದು ರಕ್ತ ಸುರಿಸಿಕೊಂಡು ನಿಂತಾಗ ಇವರು ಅರಿಶಿನ ಕೊಟ್ಟಿರಲಿಲ್ಲ. ಬಿಸಿಲಿಗೆ ತಲೆ ಸುತ್ತಿ ಕೂತಾಗ ನೀರು ಕೊಟ್ಟಿರಲಿಲ್ಲ. ಅಂಗಡಿ ಮುಂದೆ ಕೂರಬೇಡ ಎಂದಿದ್ದರು. ಈಗ ನ್ಯಾಯ ಕೇಳುತ್ತಿದ್ದರು. ಅವಳಿಗೆ ನಗು ಬಂತು. ನಗುವಿನ ಜೊತೆ ಇನ್ನೇನೋ ಬಂತು. ಅವಳು ಎದ್ದು ನಿಂತಳು.

"ಇಳಿಯೋ ಕೆಳಗೆ" ಎಂದಳು ಗಂಡನಿಗೆ. ಅವನು ಇಳಿದ.

"ಹೆದ್ರಬ್ಯಾಡಿ. ಹೇಳಲ್ಲ. ಇಷ್ಟ್ ವರ್ಷ ಹೇಳಿಲ್ಲ, ಇವತ್ತೂ ಹೇಳಲ್ಲ. ಮೂಗು ಮುಚ್ಕೊಂಡು ಕೆಲ್ಸ ಮಾಡೀನಿ, ಬಾಯೂ ಮುಚ್ಕೊಂಡೀನಿ. ನನ್ ಗಂಡಂಗೂ ಹೇಳಿಲ್ಲ. ನೀವು ಏಯ್ ಅಂದಾಗ ಹೇಳ್ಬೋದಿತ್ತು. ಚೀಲ ಎಸೀವಾಗ ನನ್ ಮೈಮೇಲೆ ಬಿದ್ರೂ ನೋಡ್ದೆ ಒಳಗೆ ಹೋದ್ರಲ್ಲ, ಅವತ್ತು ಹೇಳ್ಬೋದಿತ್ತು. ಹೇಳ್ಲಿಲ್ಲ. ಯಾಕಂದ್ರೆ ಅದು ನಿಮ್ದು. ನನ್ ಕೈಗೆ ಬಂದ್ ಮಾತ್ರಕ್ಕೆ ನಂದಾಗಲ್ಲ." ಅವಳ ದನಿ ಒಡೆಯಿತು. ಒಡೆದ ದನಿಯಲ್ಲೇ ಕೂಗಿದಳು. "ಏಳ್ನೇ ಕ್ಲಾಸಿನ ನಂಗೆ ಇದು ಗೊತ್ತು! ಓದಿರೋ ನಿಮ್ಗೆ ಗೊತ್ತಿಲ್ವಾ? ಬಾದಾಮಿ ಹಾಲು ಕುಡ್ಸಿ, ಮೇಡಂ ಅಂತ ಕರ್ದು, ನನ್ ಮಂಡಿ ಮಾರ್ಕೊಂಡ್ರಲ್ಲ! ನಾನ್ ಒಪ್ಪಲ್ಲ. ನಂದು ನಂಗೆ ಕೊಡಿ!"

ಕೃತಿಕಾ ಟಿವಿಗಳ ನಡುವಿನಿಂದ ಹೊರಗೆ ಬಂದಳು. ಗಲ್ಲಾದ ಮೇಲಿನ ಕಂಪ್ಯೂಟರನ್ನು ಜನರ ಕಡೆ ತಿರುಗಿಸಿದಳು.

"ಏಯ್, ಏನ್ ಮಾಡ್ತಿದೀಯಾ?" ಎಂದ ರೇಣುಕಪ್ರಸಾದ್.

"ಇದ್ರಲ್ಲಿ ನಂದೂ ಇದೆ ಸರ್. ಕೆಲ್ಸಕ್ಕೆ ಸೇರೋವಾಗ ಫಾರಂ ತುಂಬ್ಸಿದ್ರಲ್ಲ, ಅದನ್ನೂ ಇದ್ರಲ್ಲೇ ಹಾಕಿದೀರ. ಮದ್ವೆ ಆಗಿಲ್ಲ ಅಂತ ಬರ್ದಿದ್ದೆ. ದಿನಾ ಹತ್ತು ಫೋನು ಬರುತ್ತೆ." ಅವಳು ಪಟ್ಟಿ ತೆರೆದಳು. "ನಾನೇ ಟೈಪ್ ಮಾಡಿದ್ದು ಪಾಪಮ್ಮಕ್ಕಾ. ಯಾತಕ್ಕೆ ಅಂತ ಮೊದ್ಲು ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೂ ಮಾಡ್ದೆ. ತಪ್ಪಾಯ್ತು."

ಮುನ್ನೂರ ನಲವತ್ತು ಹೆಸರು. ಜನ ಮುಗಿಬಿದ್ದರು. ಬೇಕರಿಯವನು ಅದರಲ್ಲಿದ್ದ. ಔಷಧಿ ಅಂಗಡಿಯವನ ಹೆಂಡತಿಯೂ ಇದ್ದಳು. ಅಧ್ಯಕ್ಷರು ಮಷೀನಿನಿಂದ ತಲೆ ತೆಗೆದು ಓಡಿಬಂದರು. ಅವರ ಹೆಸರಿನ ಮುಂದೆ 'ಬೋಳು. ಕೂದಲಿಗಾಗಿ ಖರ್ಚು ಮಾಡಲು ತಯಾರು' ಎಂದಿತ್ತು.

"ಅದಕ್ಕೇನಯ್ಯಾ ಪೂಜೆ ಹೊತ್ತಲ್ಲೆಲ್ಲ ಕೂದ್ಲು ಕೂದ್ಲು ಅಂತ ಫೋನ್ ಬರ್ತಿದ್ದಿದ್ದು!" ಎಂದು ಅವರು ಗಲ್ಲಾ ಗುದ್ದಿದರು. ಇಷ್ಟು ಹೊತ್ತು ಭಯಕ್ಕೆ ಕೂಗಿದ್ದವರು ಈಗ ಸಿಟ್ಟಿಗೆ ಕೂಗತೊಡಗಿದರು.

ರೇಣುಕಪ್ರಸಾದನ ಕೈಲಿ ಮುಚ್ಚಳಿಕೆ ಪತ್ರ ಬರೆಸಿದವರು ತೀರ್ಥಪ್ಪ. ಪಂಪ್‌ಸೆಟ್ಟಿನ ಕೇಸಿನಲ್ಲಿ ಕಲಿತ ಭಾಷೆಯನ್ನೆಲ್ಲ ಅದರೊಳಗೆ ಹಾಕಿಸಿದರು. ಪಟ್ಟಿ ಅಳಿಸಬೇಕು. ಯಾರ್ಯಾರಿಗೆ ಮಾರಿದೆಯೋ ಅವರಿಗೆಲ್ಲ ಅಳಿಸಿರೆಂದು ಬರೆಯಬೇಕು. ಇನ್ನು ಮುಂದೆ ಗಿರಾಕಿ ಒಪ್ಪದೆ ಯಾರ ಹೆಸರನ್ನೂ ಯಾರಿಗೂ ಕೊಡಕೂಡದು. ತಪ್ಪಿದರೆ ಚಿಕ್ಕಮಗಳೂರು.

"ನಿನ್ ಹೆಸ್ರು ಅಳಿಸ್ತೀನಿ, ಆಯ್ತಲ್ಲ?" ಎಂದ ರೇಣುಕಪ್ರಸಾದ್.

"ನಂದೊಂದೇ ಅಲ್ಲ. ಮುನ್ನೂರ್ ನಲವತ್ತೂ" ಎಂದಳು ಪಾಪಮ್ಮ.

ಅವನು ಸಹಿ ಹಾಕಿದ. ಅಂಗಡಿಯ ಸೀಲು ಒತ್ತಿದ. ಎಲ್ಲರ ಎದುರು ಕೃತಿಕಾ ಪಟ್ಟಿ ಅಳಿಸಿದಳು. "ಹೋಯ್ತಾ?" ಎಂದು ಪಾಪಮ್ಮ ಪರದೆ ಮುಟ್ಟಿ ನೋಡಿದಳು. ಹೋಗಿತ್ತು. ಹೊರಗೆ ಬಂದ ಮೇಲೆ ತೀರ್ಥಪ್ಪ ಬಾಡಿದ ಮಲ್ಲಿಗೆಯನ್ನು ಕೆಂಚಪ್ಪನ ಕೈಗೆ ಕೊಟ್ಟು, "ನೀನೇ ಮುಡ್ಸಪ್ಪಾ" ಎಂದು ಅಜ್ಜಂಪುರದ ಬಸ್ಸು ಹತ್ತಿದರು. ವಿವಾಹ ಬಳಗದ ಮೇಲೆ ಅವರು ಆ ವಾರವೇ ದೂರು ಕೊಟ್ಟರು. ಕೃತಿಕಾಳನ್ನು ಕೆಲಸದಿಂದ ತೆಗೆಯುವ ಧೈರ್ಯ ರೇಣುಕಪ್ರಸಾದನಿಗೆ ಬರಲಿಲ್ಲ. ಫೋನುಗಳು ಒಂದೇ ದಿನಕ್ಕೆ ನಿಲ್ಲಲಿಲ್ಲ. ಕೊಂಡವರು ಇನ್ಯಾರಿಗೋ ಮಾರಿದ್ದರು. ಆದರೂ ದಿನಕ್ಕೆ ಹದಿನೈದು ಇದ್ದದ್ದು ಮೂರಕ್ಕೆ ಇಳಿಯಿತು. ಆ ಮೂವರಿಗೂ ಪಾಪಮ್ಮ, "ವಾಪಸ್ ತಗೊಂಡೀನಿ ಕಣಪ್ಪಾ" ಎಂದಷ್ಟೇ ಹೇಳಿ ಇಡುತ್ತಿದ್ದಳು.

ಗಲಾಟೆಯ ಮಾರನೇ ದಿನ, ಸೋಮವಾರ ಬೆಳಿಗ್ಗೆ ಏಳಕ್ಕೆ ಅವಳು ಗಾಡಿ ತಳ್ಳಿಕೊಂಡು ಬಜಾರಿಗೆ ಬಂದಾಗ ಬೀದಿಯ ಒಂದೊಂದು ಚೀಲಕ್ಕೂ ನಾಲ್ಕು ನಾಲ್ಕು ಗಂಟು ಬಿದ್ದಿದ್ದವು. ಬೇಕರಿಯವನು ಸುತ್ತ ಟೇಪು ಹೊಡೆದಿದ್ದ. ಔಷಧಿ ಅಂಗಡಿಯವರು ಚೀಲದೊಳಗೆ ಚೀಲ, ಅದರೊಳಗೆ ಚೀಲ ಇಟ್ಟಿದ್ದರು. ರೇಣುಕಪ್ರಸಾದನ ಅಂಗಡಿಯ ಹಿಂದಿನ ಕಸ ಈಗ ಮುಂಬಾಗಿಲ ಪಕ್ಕ ಮುಚ್ಚಳವಿದ್ದ ಬಕೆಟ್ಟಿನಲ್ಲಿತ್ತು. ಅದಕ್ಕೆ ಬೀಗ ಹಾಕಿತ್ತು.

ಪಾಪಮ್ಮ ಬಕೆಟ್ಟಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಸಾವ್ಕಾರ್ರೇ!"

ಮಹಡಿಯ ಮನೆಯ ಕಿಟಕಿಯಲ್ಲಿ ಅವನ ಮುಖ ಕಂಡಿತು. "ಹಂಗೇ ತಗೊಂಡ್ ಹೋಗು."

"ಬೀಗದ ಕಸ ತಗೊಳಲ್ಲ. ಬನ್ನಿ. ನೀವೇ ಬಿಚ್ಚಿ, ನೀವೇ ಬೇರೆ ಮಾಡಿ. ಇನ್ಮೇಲೆ ನಾನ್ ಮಾಡಲ್ಲ."

ಅವನು ಇಳಿದುಬಂದ. ಸ್ನಾನವಾಗಿತ್ತು, ವಿಭೂತಿ ಇನ್ನೂ ಹಸಿಯಾಗಿತ್ತು. ಬೀಗ ತೆಗೆದ. ಹಿಂಜರಿಯುತ್ತ ಎರಡು ಬೆರಳು ಹಾಕಿದ. ಎರಡು ಬೆರಳಿನಲ್ಲಿ ಆಗುವ ಕೆಲಸವಾಗಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು ಕೈ ಇಳಿಸಿದ. ನಿನ್ನೆಯ ಸಾರು ಮಣಿಕಟ್ಟಿಗೆ ಬಂತು. ವಾಕರಿಕೆ ಬಂತು. ಪಾಪಮ್ಮ ಕೈಕಟ್ಟಿ ನಿಂತು ಹೇಳುತ್ತ ಹೋದಳು. ಕವರು ಒಣ ಕಸ. ಬೀನ್ಸ್ ನಾರು ಹಸಿ. ಥರ್ಮಾಕೋಲು ಒಣ. ಕಾಫಿ ಗಸಿ ಹಸಿ.

ತಳದಲ್ಲಿ ದಾರ ಸುತ್ತಿದ ಪೇಪರಿನ ಪೊಟ್ಟಣವೊಂದಿತ್ತು. ಅವನು ಅದನ್ನು ಸರಕ್ಕನೆ ಒಣ ಕಸಕ್ಕೆ ಹಾಕಿದ.

"ಬಿಚ್ಚಿ" ಎಂದಳು.

"ಬರೀ ಪೇಪರ್ ಕಣಮ್ಮಾ ಅದು."

"ಪೇಪರ್ ಒಣಾದು. ಒಳಗಿರೋದು ಹಸೀದು. ಬಿಚ್ಚಿ."

ರೇಣುಕಪ್ರಸಾದ್ ಬೀದಿಯ ಆ ಕಡೆ ನೋಡಿದ, ಈ ಕಡೆ ನೋಡಿದ. ಮೇಲೆ ಕಿಟಕಿ ನೋಡಿದ. ಒಳಗೆ ಅವನ ತಾಯಿ ಶಿವಪೂಜೆಯ ಗಂಟೆ ಬಾರಿಸುತ್ತಿದ್ದರು. ದಾರ ಹರಿದ. ಪೇಪರು ಬಿಚ್ಚಿತು. ಆರು ಮೊಟ್ಟೆಗಳ ಸಿಪ್ಪೆ, ಬೆಳ್ಳಗೆ.

ಪಾಪಮ್ಮ ನಗಲಿಲ್ಲ. ಎದುರುಗಡೆ ಬೇಕರಿಯವನು ಕತ್ತು ಉದ್ದ ಮಾಡಿ ಇತ್ತಲೇ ನೋಡುತ್ತಿದ್ದ. ಅವಳು ಬಗ್ಗಿದಳು. ಮಂಡಿ ಕಟಕ್ ಎಂದಿತು. ಒಂದು ಹಿಡಿ ಕೋಸಿನ ಎಲೆ ತೆಗೆದು ಸಿಪ್ಪೆಯ ಮೇಲೆ ಮುಚ್ಚಿದಳು.

"ಏನದು ಪಾಪಮ್ಮಾ?" ಎಂದು ಕೂಗಿದ ಬೇಕರಿಯವನು.

"ಕೋಸಿನ ಎಲೆ ಕಣ್ರೀ!" ಎಂದು ಅವಳೂ ಕೂಗಿದಳು. "ನೀವು ನಿಮ್ ಟೇಪ್ ಬಿಚ್ಚಿ, ಬಂದೆ!"